ಮೂರು ದಿನದ ಮುಯ್ಯಿ

ತನ್ನಪ್ಪ ಕಲ್ಲು ಹೊತ್ತು ಕಟ್ಟಿದ ಶೆಡ್ಡಿನಲ್ಲಿ ತನಗೆ ಹಿಂದಿನ ಸಾಲು ಕೊಟ್ಟರಲ್ಲ ಎಂಬ ಸಿಟ್ಟು ಬಿಜ್ಜರಗಿಯ ಪೀರಸಾಬನಿಗೆ ಇಂದಿಗೂ ಇಳಿದಿಲ್ಲ. ದಣಿದಿದೆ, ಅಷ್ಟೇ.

ಶೆಡ್ಡು ದ್ರಾಕ್ಷಿ ಒಣಗಿಸುವುದಕ್ಕೆ, ಬೆಳೆಗಾರರ ಸಂಘದ್ದು. ಗಾಳಿ ಆಡುವ ಮುಂದಿನ ಸಾಲುಗಳ ಮಣೂಕ, ಅಂದರೆ ಒಣದ್ರಾಕ್ಷಿ, ಹಸಿರಾಗಿ ಒಣಗಿ ವಿಜಯಪುರದ ಪೇಟೆಯಲ್ಲಿ ಒಳ್ಳೆಯ ದರಕ್ಕೆ ಹೋಗುತ್ತದೆ. ಮೊದಲು ಅವು ಹಿಂದೂಗಳಿಗೆ ಅರ್ಧ, ಮುಸಲ್ಮಾನರಿಗೆ ಅರ್ಧ. ಬೌದ್ಧರಿಗೆ ಗೋಡೆಬದಿಯ ಕೊನೆಯ ಸಾಲು. ಬೌದ್ಧರ ರಾಜರತ್ನ ಅಧ್ಯಕ್ಷನಾದವನೇ ಅದನ್ನೆಲ್ಲ ಕಿತ್ತುಹಾಕಿದ. ಪ್ರತಿ ವರ್ಷ ಚೀಟಿ ಎತ್ತಬೇಕು, ಅಕ್ಕಪಕ್ಕ ಬಿದ್ದವರು ಯಾವ ಜಾತಿಯವರಾದರೂ ಮುಯ್ಯಿಗೆ ನಿಲ್ಲಬೇಕು: ನಿನ್ನ ಹಣ್ಣಿಗೆ ನಾನು ಮೂರು ದಿನ, ನನ್ನದಕ್ಕೆ ನೀನು ಮೂರು ದಿನ. ಎರಡೂ ಕಡೆ ಕೂಲಿ ಉಳಿಯಿತು.

ಪೀರಸಾಬನಿಗೆ ಚೀಟಿಯಲ್ಲಿ ಗೋಡೆಬದಿ ಬಂತು.

"ಈ ಕಂಬದ ಕಲ್ಲು ನಮ್ಮಪ್ಪ ಹೊತ್ತಾನ ಲೇ!"

"ಹೌದ್ರಿ. ಅವನ ತಲಿಮ್ಯಾಲ ಆ ಕಲ್ಲು ಎತ್ತಿಟ್ಟಾಂವ ನಮ್ಮಪ್ಪ," ಎಂದ ರಾಜರತ್ನ. "ನಮ್ಮಪ್ಪಗ ಗ್ವಾಡಿಬದಿ ಸಿಕ್ತು."

ಪಕ್ಕದ ಸಾಲು ಹಿಂದೂಗಳ ಪರಸಪ್ಪನಿಗೆ ಬಿದ್ದಿತ್ತು. ಅವನೂ ಹೆಂಡತಿ ಸೀತವ್ವನೂ ಮೂರು ದಿನ ಬಂದು ಪೀರಸಾಬನ ಗೊಂಚಲುಗಳನ್ನು ಎಣ್ಣೆನೀರಿನಲ್ಲಿ ಅದ್ದಿ ಬಲೆಯ ಮೇಲೆ ಹರವಿದರು. "ಸಾಬಣ್ಣಾ, ಆ ಸಿಟ್ಟೂ ಇಲ್ಲೇ ಒಣಾ ಹಾಕ್ರಿ, ಹಸರಾಗತೈತಿ!" ಎಂದು ಸೀತವ್ವ ನಕ್ಕಳು.

ಪರಸಪ್ಪನ ಸರದಿ ಬಂದ ದಿನ ಚಹಾದಂಗಡಿಯಲ್ಲಿ ಯಾರೋ, "ಬರ್ರಿ ಹಿಂದಿನ ಸಾಲಿನ ಪೀರಸಾಬ್ರ," ಎಂದರು. ಅಷ್ಟೇ ಸಾಕಾಯಿತು. ನೇರ ಬಸ್ಸು ಹತ್ತಿ ಗೋಳಗುಮ್ಮಟದ ಹತ್ತಿರ ತಂಗಿ ಮಾಶಾಬಿಯ ಬಳೆ ಅಂಗಡಿಗೆ ಹೋಗಿ, ಫೋನು ಬಂದ್ ಮಾಡಿ ಮೂರು ದಿನ ಕೂತ. ಎರಡನೆಯ ದಿನ ಊರಿನ ಕಡೆ ಅಕಾಲದ ಮಳೆ ಹೊಡೆಯಿತು. ಗಂಡಹೆಂಡತಿ ಇಬ್ಬರೇ ತಮ್ಮ ಸಾಲಿಗೆ ತಾಡಪತ್ರಿ ಇಳಿಸುವಷ್ಟರಲ್ಲಿ ಅವರ ಹಣ್ಣೆಲ್ಲ ತೊಯ್ದು ಕಪ್ಪಾಯಿತು.

"ಜಾತಿ ಬಿಟ್ಟು ಮುಯ್ಯಿ ಮಾಡಿದ್ರ ಹಿಂಗ ಆಗೂದು," ಎಂದು ಊರೆಲ್ಲ ಆಡಿಕೊಂಡಿತು. ಸಂಘದ ಮುಂದಿನ ಚುನಾವಣೆಯಲ್ಲಿ ರಾಜರತ್ನ ಸೋತ. ಚೀಟಿ ಹೋಯಿತು, ಹಳೆಯ ಸಾಲುಗಳು ಬಂದವು. ಪೀರಸಾಬನಿಗೆ ಮತ್ತೆ ಗಾಳಿಯ ಜಾಗ ಸಿಕ್ಕಿತು. ಹಣ್ಣು ಹೊತ್ತು ಹರವಲು ಮಾತ್ರ ಯಾರೂ ಜೊತೆಗಿರಲಿಲ್ಲ.

ಕಡೆಗೊಮ್ಮೆ ಪರಸಪ್ಪನ ಮನೆಗೆ ಹೋದ. ಪರಸಪ್ಪ ಒಳಗಿನಿಂದ ಹೊರಗೆ ಬರಲಿಲ್ಲ.

"ಸೀತಕ್ಕಾ, ನನ್ನ ಮೂರು ದಿನ ಉಳದಾವು. ನಾಳೆ ಬರ್ತೀನಿ."

"ಯಾತಕ್ಕ ಬರ್ತಿ? ಬಳ್ಳಿ ಕಿತ್ತೇವಿ. ಮೆಕ್ಕಿಜೋಳ ಬಿತ್ತೇವಿ, ಅದನ್ನ ಮಷೀನ ಕೊಯ್ತೈತಿ."

"ಹಂಗಾರ ಕೂಲಿ ಲೆಕ್ಕ ಹಿಡದು..."

"ಮುಯ್ಯಿಗೆ ಯಾರರ ರೊಕ್ಕ ತಗೋತಾರೇನೋ?" ಅವಳಿಗೆ ಸಿಟ್ಟೂ ಇರಲಿಲ್ಲ. "ಚಾ ಕುಡೀತಿದ್ರ ಕುಂದ್ರು."

ಪೀರಸಾಬ ಚಹಾ ಕುಡಿದ. ಆ ಮೂರು ದಿನ ಅವನ ತಲೆಯ ಮೇಲೆಯೇ ಉಳಿದವು.