ವೆಂಡೆಲ್ ಕೊಟ್ಟುಬಿಟ್ಟ ನಾಣ್ಯ

ಪೆನ್ಸಿಲ್ವೇನಿಯಾದ ರೆಡಿಂಗ್ ಊರಿನಲ್ಲಿ ಬಸ್ ಓಡಿಸಿ ನಿವೃತ್ತನಾದ ವೆಂಡೆಲ್ ಸ್ಟ್ರೋಮ್‌ಗೆ ಹಳೆಯ ಪ್ರೂಫ್ ನಾಣ್ಯಗಳ ಹುಚ್ಚು. ಸಂಗ್ರಾಹಕರಿಗೆಂದೇ ಕನ್ನಡಿಯಂತೆ ಹೊಳೆಯುವ ಹಾಗೆ ಟಂಕಿಸಿದ ಆ ಬೆಳ್ಳಿ, ಕಾಗದದ ಲಕೋಟೆಯಲ್ಲಿ ವರ್ಷಗಟ್ಟಲೆ ಕೂತು ತಾನಾಗಿಯೇ ಬಣ್ಣ ತಾಳುತ್ತದೆ. ಆ ಬಣ್ಣವೆಂದರೆ ಅವನಿಗೆ ಪ್ರಾಣ. ಆದರೆ ಈಚೆಗೆ ಯಾವುದನ್ನು ನೋಡಿದರೂ ಮಂಕು ಕಂದು. ನಾಣ್ಯಗಳೇ ಕೆಟ್ಟವೆಂದುಕೊಂಡ. ಬೇಸತ್ತು ಎಲ್ಲವನ್ನೂ ಮಾರಿ, ತೀರ ಹಳೆಯದೊಂದು ಅರ್ಧ ಡಾಲರನ್ನು ಮಾತ್ರ ಗೆಳೆಯ ಮೆರ್ಲ್‌ಗೆ ಸುಮ್ಮನೆ ಕೊಟ್ಟುಬಿಟ್ಟ.

ಆಮೇಲೆ ಡಾಕ್ಟರು ಅವನ ಕಣ್ಣಿನಲ್ಲಿ ಕಂದುಗಟ್ಟಿ ಕೂತಿದ್ದ ಪೊರೆ ತೆಗೆದರು. ನಾಣ್ಯ ಕ್ಲಬ್ಬಿನ ಮುಂದಿನ ಸಭೆಯಲ್ಲಿ ಮೆರ್ಲ್ ಆ ಅರ್ಧ ಡಾಲರನ್ನು ದೀಪದ ಕೆಳಗೆ ಓರೆಯಾಗಿ ಹಿಡಿದ. ಅಂಚಿನಿಂದ ಒಳಕ್ಕೆ ನೀಲಿ, ನೇರಳೆ ಹರಡಿಕೊಂಡಿತ್ತು.

"ಇದು ಮೊದ್ಲಿಂದ್ಲೂ ಹೀಗೇ ಇತ್ತೇನೋ?" ಎಂದ ವೆಂಡೆಲ್.

"ಹೀಗೇ ಇತ್ತು ಕಣೋ. ಹೇಳಿದ್ರೆ, ನನ್ನನ್ನ ಸಮಾಧಾನ ಮಾಡೋಕೆ ಬರ್ಬೇಡ ಅಂತ ರೇಗಿದ್ಯಲ್ಲ ಮಾರಾಯ. ತಗೋ, ನೀನೇ ಇಟ್ಕೋ."

ವೆಂಡೆಲ್ ಅದನ್ನು ಅಂಚಿನಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದ. ಮತ್ತೆ ಒಂದು ನಾಣ್ಯದಿಂದ ಸಂಗ್ರಹ ಶುರು ಮಾಡುವ ಕಸುವು ತನ್ನಲ್ಲಿ ಉಳಿದಿಲ್ಲ ಅನ್ನಿಸಿತು.

"ನಿನ್ನ ಹತ್ರಾನೇ ಇರ್ಲಿ ಬಿಡೋ. ಸಭೆಗೆ ಬರೋವಾಗ ತಗೊಂಡ್ಬಾ, ನೋಡ್ತೀನಿ" ಎಂದು ಕುರ್ಚಿಗೆ ಒರಗಿದ.