ಫಾರ್ಮಾಲಿಟಿಗೊಂದು ಪ್ರಮಾಣ

ಒಮಾನಿನ ಹಮ್ರಿಯಾದಲ್ಲಿರುವ ಸುಂದರಿ ಒಂಬತ್ತು ವರ್ಷದಿಂದ ಶಾಲೆ ಬಸ್ಸಿನ ಆಯಾ. ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ತಲೆ ಎಣಿಸುವುದು ಅವಳ ಕೆಲಸ. ನಿದ್ದೆ ಆ ಕೆಲಸದಲ್ಲಿ ಸೇರಿಲ್ಲ. ಆದರೆ ನಾಲ್ಕು ಕಾಸಿನ ಆಸೆಗೆ ನಸುಕಿಗೇ ಎದ್ದು ಎಂಟು ಮಂದಿ ಬ್ಯಾಚುಲರುಗಳಿಗೆ ತಿಂಡಿ ಕಟ್ಟಿ ಬಸ್ಸು ಹತ್ತುವವಳ ಕಣ್ಣು ಹೇಳಿದ ಮಾತು ಕೇಳುವುದಿಲ್ಲ.

ಅವತ್ತು ಅವಳು ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಾಗ ಒಂಬತ್ತನೇ ಕ್ಲಾಸಿನ ಹರ್ಷಿತ್ ಬೆಂಕಿ ಆರಿಸುವ ಸಿಲಿಂಡರಿನ ಪಿನ್ನು ಎಳೆದ. ಎಲ್‌ಕೆಜಿ ಮಕ್ಕಳು ಹಿಟ್ಟಿನ ಗಿರಣಿಯಿಂದ ಬಂದವರಂತೆ ಇಳಿದರು. ನೀನೆಲ್ಲಿದ್ದೆ ಎಂದು ಆಫೀಸಿನಲ್ಲಿ ಕೇಳಿದಾಗ ಸುಂದರಿ, "ಅಡ್ಡ ನಿಂತೆ ಸಾರ್, ನನ್ನನ್ನು ದೂಡಿ ಹಾಕಿದ" ಎಂದುಬಿಟ್ಟಳು. ನಿದ್ದೆ ಎಂದರೆ ಕೆಲಸ ಖಲಾಸ್, ವೀಸಾ ಖಲಾಸ್.

ಬರೀ ಪುಡಿ ಹಾರಿಸಿದ್ದಕ್ಕೆ ಬೈಗುಳ ಸಾಕಿತ್ತು. ಆಯಾಳನ್ನು ದೂಡಿದವನಿಗೆ ಟಿ.ಸಿ. ಕೊಟ್ಟು ಹೊರಗೆ. "ಐ ಡಿಡ್‌ನಾಟ್ ಪುಶ್ ಹರ್" ಎಂದ ಹುಡುಗನನ್ನು ಯಾರೂ ನಂಬಲಿಲ್ಲ. ಟಿ.ಸಿ.ಗೆ ಮೊದಲು ಪ್ರಿನ್ಸಿಪಾಲರು ಕೇಸನ್ನು ಶಾಲೆಯ ಮಕ್ಕಳ ಕೋರ್ಟಿಗೆ ಕಳಿಸಿದರು. ಅಲ್ಲಿ ಜಡ್ಜೂ ಮಕ್ಕಳೇ, ಜ್ಯೂರಿಯೂ ಮಕ್ಕಳೇ. ಆಡಿದ ಮಾತು ಕೋಣೆಯಲ್ಲೇ ಉಳಿಯಬೇಕು, ತೀರ್ಪು ಮಾತ್ರ ಹೊರಗೆ ಹೋಗಬೇಕು ಎಂಬುದು ನಿಯಮ. ನಿಯಮ ಮಾಡಿದವರೂ ಮಕ್ಕಳೇ ಆದ್ದರಿಂದ ಸುಂದರಿಗೆ ಅದರಲ್ಲಿ ಅಷ್ಟೇನೂ ನಂಬಿಕೆ ಇರಲಿಲ್ಲ.

ಜಡ್ಜ್ ಆಗಿದ್ದ ಸಮೀಕ್ಷಾ, ಕಾರ್ಕಳದವರ ಮಗಳು, ಒಂದು ಝೆರಾಕ್ಸ್ ಕಾಗದ ಚಾಚಿದಳು. "ಆಂಟಿ, ಇದನ್ನು ಓದಿ ಪ್ರಮಾಣ ಮಾಡ್ಬೇಕು. ಜಸ್ಟ್ ಫಾರ್ಮಾಲಿಟಿ."

ಫಾರ್ಮಾಲಿಟಿಯಂತೆ! ಸುಂದರಿಯ ಊರಿನಲ್ಲಿ ದೈವದೆದುರು ಸುಳ್ಳು ಪ್ರಮಾಣ ಮಾಡಿದವನ ಮೂರು ತಲೆಮಾರಿನ ಕಥೆ ಹೇಳುತ್ತಾರೆ. ಅದರಲ್ಲಿ ಒಬ್ಬರೂ ಸುಖವಾಗಿಲ್ಲ. ಆಫೀಸಿನಲ್ಲಿ ಸಲೀಸಾಗಿ ಸುಳ್ಳು ಹೇಳಿದವಳು ಈಗ ಆ ಕಾಗದವನ್ನು ಓದದೆ ಮೇಜಿನ ಮೇಲಿಟ್ಟಳು.

"ಅವ ದೂಡ್ಲಿಲ್ಲ ಮಗಾ," ಎಂದಳು. "ನಂಗೆ ನಿದ್ದೆ ಬಂದಿತ್ತು."

"ಐ ನೋ," ಎಂದ ಹರ್ಷಿತ್ ನೆಲ ನೋಡುತ್ತ. "ಆಂಟಿ ನಿದ್ದೆಯಲ್ಲಿದ್ರು ಅಂತಲೇ ಪಿನ್ ಎಳೆದದ್ದು."

"ಮತ್ತೆ ಆಫೀಸಲ್ಲಿ ಹೇಳ್ಲಿಲ್ಲ ಯಾಕೆ?" ಎಂದು ಕೇಳಿದಳು ಸಮೀಕ್ಷಾ.

"ಅವ್ರ ಕೆಲಸ ಹೋಗ್ತಿತ್ತಲ್ಲ."

ಸುಂದರಿಗೆ ನಾಚಿಕೆಯಿಂದ ಅಳುವೇ ಬಂತು. ಇವನನ್ನೇ ಅಲ್ಲವೇ ತಾನು ಶಾಲೆಯಿಂದ ಓಡಿಸಲು ಹೊರಟಿದ್ದು?

ತೀರ್ಪು ಎರಡೇ ಸಾಲು. ದೂಡಿದ್ದು ಸಾಬೀತಾಗಿಲ್ಲ. ಪಿನ್ನು ಎಳೆದದ್ದಕ್ಕೆ ಹರ್ಷಿತ್ ಒಂದು ತಿಂಗಳು ಬಸ್ಸಿನ ಬಾಗಿಲಲ್ಲಿ ನಿಂತು ಚಿಕ್ಕ ಮಕ್ಕಳನ್ನು ಹತ್ತಿಸಿ, ಇಳಿಸಿ, ಎಣಿಸಬೇಕು. ಪ್ರಿನ್ಸಿಪಾಲರು ಕಾರಣ ಕೇಳಿದರು. ಹೇಳುವಂತಿಲ್ಲ ಸಾರ್, ನಿಯಮವಿದೆ ಎಂದಳು ಸಮೀಕ್ಷಾ. ಅವರು ಸಹಿ ಹಾಕಿದರು.

ಮರುದಿನ ಬೆಳಗ್ಗೆ ಹರ್ಷಿತ್ ಬಾಗಿಲ ಬಳಿ ನಿಂತು, "ಆಂಟಿ, ನೀವು ಮಲಗಿ, ನಾನು ನೋಡ್ಕೊಳ್ತೇನೆ" ಎಂದ. ಒಮಾನಿಗೆ ಬಂದಮೇಲೆ ಅವಳಿಗೆ ಹಾಗೆ ಹೇಳಿದವರು ಯಾರೂ ಇರಲಿಲ್ಲ. ಅವನ ಮನಸ್ಸು ನೋಯದಿರಲೆಂದು ಸುಂದರಿ ಕಣ್ಣು ಮುಚ್ಚಿದಳು. ಶಾಲೆ ಬರುವವರೆಗೂ ಮಕ್ಕಳು ಹತ್ತುವ ಸದ್ದು ಕೇಳಿ ಕೇಳಿ ತಲೆ ಎಣಿಸಿದಳು.