ಹೋಂವರ್ಕ್ ಆಯ್ತಾ?

ಸ್ವೀಡನ್ನಿನ ಮೋಲ್ನ್‌ಡಾಲ್‌ನ ಲ್ಯಾಬಿಗೆ ಸೇರಿ ಏಳು ತಿಂಗಳಾಗಿತ್ತು. ಬಸ್ಸಲ್ಲಿ ನನ್ನ ಪಕ್ಕ ಯಾರೂ ಕೂರುವುದಿಲ್ಲ. ಫೀಕಾಗೆ, ಅಂದರೆ ಇಲ್ಲಿಯ ಕಾಫಿ ಬಿಡುವಿಗೆ, ಸೇರಿದವರು ಕಾಫಿ ಹಿಡಿದು, ಚಳಿಯ ಬಗ್ಗೆ ಎರಡು ಮಾತಾಡಿ ಎದ್ದು ಹೋಗುತ್ತಾರೆ. "ಊಟ ಆಯ್ತಾ?" ಅಂತ ಕೇಳುವವರೇ ಇಲ್ಲ.

ನಮ್ಮ ಮಹಡಿ ಒರೆಸಲು ಬರುವ ಕೊಲಂಬಿಯಾದ ಹೆಂಗಸು, ನಮ್ಮತ್ತೆಯ ವಯಸ್ಸಿನವರು, ಫೋನಿನಲ್ಲಿ ಸ್ಪ್ಯಾನಿಷ್ ಮಾತಾಡುತ್ತಾ ಜೋರಾಗಿ ನಗುತ್ತಿದ್ದರು. ಅವರನ್ನು ಮಾತಾಡಿಸಬೇಕು ಅಂತಲೇ ಆ್ಯಪ್ ಹಾಕಿಕೊಂಡು ಸ್ಪ್ಯಾನಿಷ್ ಕಲಿಯತೊಡಗಿದೆ. ಊಟದ ಪಾಠ ಬರುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಆ್ಯಪ್‌ನಲ್ಲಿ ಆಗಲೇ ಬಂದಿದ್ದ ಶಾಲೆಯ ಪಾಠದಲ್ಲಿದ್ದದ್ದನ್ನೇ ಒಂದು ದಿನ ಕೇಳಿಬಿಟ್ಟೆ: "ಹೋಂವರ್ಕ್ ಆಯ್ತಾ?"

ಅವರು ಒರೆಸುವುದು ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ಜೇಬಿನಿಂದ ಮಡಚಿದ ಹಾಳೆ ತೆಗೆದು ತೋರಿಸಿದರು. ಸಂಜೆಯ ಸ್ವೀಡಿಷ್ ಕ್ಲಾಸಿನ ಹೋಂವರ್ಕ್, ಅರ್ಧ ಖಾಲಿ! "ನಿಂದು ಆಯ್ತಾ?" ಅಂದರು, ಥೇಟ್ ಟೀಚರ್ ಥರ.

ಅವತ್ತಿನಿಂದ ದಿನಾ ಕೇಳುತ್ತಾರೆ. ಆ್ಯಪ್‌ನ ಪಾಠವನ್ನು ನಾನು ಬೆಳಿಗ್ಗೆ ಬಸ್ಸಲ್ಲೇ ಮುಗಿಸಿರುತ್ತೇನೆ. ಆದರೂ "ಇಲ್ಲ" ಅಂತೀನಿ. ಆಯ್ತು ಅಂದರೆ ಭೇಷ್ ಅಂದು ಹೋಗಿಬಿಡುತ್ತಾರೆ. ಇಲ್ಲ ಅಂದರೆ ಬಕೆಟ್ ಕೆಳಗಿಟ್ಟು ಐದು ನಿಮಿಷ ಬೈಯುತ್ತಾರೆ.